ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ, ಮೂಳೆ ಮಾತ್ರ ಸವೆದಿದೆ ಅಂತಾರೆ. ಎರಡೂ ಹೇಗೆ ನಿಜ?

ಲೆಕ್ಕದಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಮುಟ್ಟು ನಿಂತು ಕೆಲವು ವರ್ಷಗಳಾದವು. ಬೆನ್ನು ನೋವು ಅಂತ ಹೋದಾಗ ಡಾಕ್ಟರ್ ಎರಡು ಪರೀಕ್ಷೆ ಬರೆದುಕೊಟ್ಟರು. ಒಂದು ರಕ್ತದ ಕ್ಯಾಲ್ಸಿಯಂ. ಅದು 9.4 ಬಂತು. ಪಕ್ಕದಲ್ಲೇ 8.5ರಿಂದ 10.5ರವರೆಗೆ ಸರಿ ಎಂದು ಅಚ್ಚಾಗಿದೆ, ಅಂದರೆ ನಾನು ನಟ್ಟನಡುವೆ ಇದ್ದೇನೆ. ಇನ್ನೊಂದು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಅದರಲ್ಲಿ ಸೊಂಟದ ಟಿ-ಸ್ಕೋರ್ ಮೈನಸ್ 2.7 ಇದೆ, ಕೆಳಗೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ, ಎಂದು ಬರೆದಿದ್ದಾರೆ.

ಮಗ ಹೇಳುತ್ತಾನೆ, "ಕ್ಯಾಲ್ಸಿಯಂ ನಾರ್ಮಲ್ ಇದೆಯಲ್ಲಮ್ಮ, ಮಾತ್ರೆ ಯಾಕೆ?" ಅಳಿಯನ ಪ್ರಕಾರ ಎರಡರಲ್ಲಿ ಒಂದು ರಿಪೋರ್ಟ್ ತಪ್ಪಾಗಿರಲೇಬೇಕು. ನಾನು ಕೆಲಸದಲ್ಲಿದ್ದಷ್ಟು ಕಾಲವೂ ಲೆಕ್ಕಪತ್ರ ನೋಡಿದವಳು. ಒಂದೇ ಸರಕಿಗೆ ಎರಡು ಪುಸ್ತಕದಲ್ಲಿ ಎರಡು ಲೆಕ್ಕ ಕಂಡರೆ ನನಗೆ ಸಮಾಧಾನ ಆಗುವುದಿಲ್ಲ.

ಇನ್ನೂ ಎರಡು ಅನುಮಾನ. ಕ್ಯಾಲ್ಸಿಯಂ ಒಂದು ಲೋಹ ಅಂತ ಶಾಲೆಯಲ್ಲಿ ಓದಿದ ನೆನಪು. ಲೋಹ ಮೈಯೊಳಗೆ ಏನು ಮಾಡುತ್ತದೆ? ಮತ್ತೆ, ಕೊಟ್ಟಿರುವ ಮಾತ್ರೆಯ ಮೇಲೆ ದಪ್ಪಗೆ 1250 ಎಂದಿದೆ, ಸಣ್ಣಕ್ಷರದಲ್ಲಿ 500 ಎಂದಿದೆ. ಯಾವುದನ್ನು ನಂಬಬೇಕು?

ದಯವಿಟ್ಟು "ಡಾಕ್ಟರನ್ನು ಕೇಳಿ" ಅಂತ ಮಾತ್ರ ಹೇಳಬೇಡಿ. ಕೇಳುತ್ತೇನೆ. ಅವರ ಮುಂದೆ ಕೂರುವ ಮೊದಲು ನನಗೇ ಸ್ವಲ್ಪ ಅರ್ಥವಾಗಿರಲಿ ಅಂತ ಆಸೆ.

ಮೇಷ್ಟ್ರು20:

ಲೋಹದ ಪ್ರಶ್ನೆ ನನಗಿರಲಿ. ಉಳಿದದ್ದಕ್ಕೆ ಬೇರೆಯವರು ಬರುತ್ತಾರೆ.

ನಿಮ್ಮ ನೆನಪು ಸರಿ. ಕ್ಯಾಲ್ಸಿಯಂ ಅಪ್ಪಟ ಲೋಹ. ಪರಮಾಣು ಸಂಖ್ಯೆ 20. ಬೆಳ್ಳಗೆ ಹೊಳೆಯುತ್ತದೆ, ತೂಕ ಕಡಿಮೆ, ಚಾಕುವಿನಿಂದ ಕಷ್ಟಪಟ್ಟು ಕತ್ತರಿಸಬಹುದು. ಗಾಳಿಯಲ್ಲಿ ಬಿಟ್ಟರೆ ಬೇಗ ಮಂಕಾಗುತ್ತದೆ. ನೀರಿಗೆ ಹಾಕಿದರೆ ಜಲಜನಕದ ಗುಳ್ಳೆ ಏಳುತ್ತದೆ. ಅದಕ್ಕೇ ಅದನ್ನು ಲೋಹದ ರೂಪದಲ್ಲಿ ಪ್ರಕೃತಿಯಲ್ಲಿ ಯಾರೂ ನೋಡಿಲ್ಲ. ಭೂಮಿಯ ಹೊರಪದರದಲ್ಲಿ ಅಲ್ಯೂಮಿನಿಯಂ, ಕಬ್ಬಿಣ ಬಿಟ್ಟರೆ ಅತಿ ಹೆಚ್ಚು ಇರುವ ಲೋಹ ಇದೇ. ಆದರೂ ಸುಣ್ಣ, ಜಿಪ್ಸಂ, ಅಮೃತಶಿಲೆ, ಚಿಪ್ಪು ಹೀಗೆ ಯಾವುದಾದರೂ ಸಂಯುಕ್ತದಲ್ಲಿ ಅಡಗಿಕೊಂಡೇ ಇರುತ್ತದೆ. ಸುಣ್ಣವನ್ನು ಮನುಷ್ಯ ಸಾವಿರಾರು ವರ್ಷ ಸುಟ್ಟು ಬಳಸಿದ. ಅದರೊಳಗಿನ ಲೋಹವನ್ನು ಬೇರೆ ಮಾಡಿದ್ದು 1808ರಲ್ಲಿ. ಲಂಡನ್ನಿನಲ್ಲಿ ಹಂಫ್ರಿ ಡೇವಿ ಸುಣ್ಣಕ್ಕೆ ಪಾದರಸದ ಆಕ್ಸೈಡ್ ಬೆರೆಸಿ ವಿದ್ಯುತ್ ಹರಿಸಿದ. ಪಾದರಸದ ಜೊತೆ ಕ್ಯಾಲ್ಸಿಯಂ ಸೇರಿಕೊಂಡು ಬಂತು. ಪಾದರಸವನ್ನು ಕಾಯಿಸಿ ಓಡಿಸಿದಾಗ ಲೋಹ ಉಳಿಯಿತು. ಪಾದರಸದ ಉಪಾಯ ಸ್ವೀಡನ್ನಿನ ಬರ್ಜೀಲಿಯಸ್ ಕಡೆಯಿಂದ ಬಂದದ್ದು. ಅದೇ ವರ್ಷ ಡೇವಿ ಮೆಗ್ನೀಸಿಯಂ, ಸ್ಟ್ರಾನ್ಷಿಯಂ, ಬೇರಿಯಂಗಳನ್ನೂ ಬೇರೆ ಮಾಡಿದ. ಕೆಲವರಿಗೆ ಅಂಥ ವರ್ಷ ಬರುತ್ತದೆ ನೋಡಿ.

ನಿಮ್ಮ ಮೈಯಲ್ಲಿ ಮಾತ್ರ ಒಂದು ಕಣವೂ ಲೋಹವಾಗಿ ಇಲ್ಲ. ಎಲ್ಲ ಪರಮಾಣುಗಳೂ ತಮ್ಮ ಹೊರಗಿನ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನು ಆಗಿವೆ. ಎರಡು ಧನ ಆವೇಶ ಇರುವುದರಿಂದ ಪ್ರೋಟೀನುಗಳನ್ನು ಗಟ್ಟಿಯಾಗಿ ಹಿಡಿದು ಅವುಗಳ ಆಕಾರವನ್ನೇ ಬದಲಿಸುತ್ತದೆ. ಫಾಸ್ಫೇಟ್ ಸಿಕ್ಕರೆ ಹರಳುಗಟ್ಟುತ್ತದೆ. ಮೈಯಲ್ಲಿ ಅದು ಮಾಡುವ ಕೆಲಸವೆಲ್ಲ ಹೆಚ್ಚುಕಮ್ಮಿ ಈ ಎರಡು ಗುಣದಿಂದಲೇ ಬಂದದ್ದು.

ಸಂಬಂಧವಿಲ್ಲದ ಒಂದು ಮಾತು, ತಡೆಯಲಾಗುತ್ತಿಲ್ಲ. ಕ್ಯಾಲ್ಸಿಯಂ-48 ಎಂಬ ಐಸೊಟೋಪ್ ಇದೆ, ಅಂದರೆ ತೂಕ ಹೆಚ್ಚಿರುವ ಕ್ಯಾಲ್ಸಿಯಂ ಪರಮಾಣು. ಸಾವಿರ ಪರಮಾಣುಗಳಲ್ಲಿ ಸುಮಾರು ಎರಡು ಮಾತ್ರ. ರಷ್ಯಾದ ದುಬ್ನಾದಲ್ಲಿ ಅದನ್ನು ಕ್ಯಾಲಿಫೋರ್ನಿಯಂಗೆ ಡಿಕ್ಕಿ ಹೊಡೆಸಿ 118ನೇ ಮೂಲವಸ್ತು ಒಗನೆಸನ್ ಸೃಷ್ಟಿಸಿದರು. ನಿಮ್ಮ ಮೂಳೆಯಲ್ಲೂ ಅದು ಎರಡು ಗ್ರಾಂ ಹತ್ತಿರ ಇದೆ, ಟಿ-ಸ್ಕೋರ್ ಎಷ್ಟೇ ಇರಲಿ.

ಹಳೆಯ ಲ್ಯಾಬಿನವ:

ಲೆಕ್ಕದಮ್ಮ, ಎರಡೂ ರಿಪೋರ್ಟ್ ಸರಿ. ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ದುಡಿದು ನಿವೃತ್ತನಾದವನು. ಈ ಪ್ರಶ್ನೆಯನ್ನು ಕೌಂಟರಿನ ಆಚೆಯಿಂದ ಎಷ್ಟು ಜನ ಕೇಳಿದ್ದಾರೋ! ಉತ್ತರ ಹೇಳಲು ಅಲ್ಲಿ ಪುರಸೊತ್ತು ಇರುತ್ತಿರಲಿಲ್ಲ. ಈಗ ಇದೆ.

ನೀವು ಲೆಕ್ಕದವರು, ಅಂಕಿಯಿಂದಲೇ ಶುರು ಮಾಡೋಣ. ವಯಸ್ಕರ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿ, ಫಾಸ್ಫೇಟಿನ ಜೊತೆ ಹರಳಾಗಿ. ಉಳಿದ ಒಂದು ಪಾಲಿನಲ್ಲೂ ಹೆಚ್ಚಿನದು ಜೀವಕೋಶಗಳ ಒಳಗೆ. ರಕ್ತ ಮತ್ತು ಜೀವಕೋಶಗಳ ಹೊರಗಿನ ದ್ರವ ಎಲ್ಲ ಸೇರಿದರೆ ಸಿಗುವುದು ಬರೀ ಒಂದು ಗ್ರಾಂ ಆಸುಪಾಸು. ನಿಮ್ಮ 9.4 ಅಳೆದದ್ದು ಈ ಒಂದು ಗ್ರಾಮನ್ನು. ಡೆಕ್ಸಾ ನೋಡಿದ್ದು ಆ ಒಂದು ಕಿಲೋವನ್ನು. ಸರಕು ಒಂದೇ, ಗೋದಾಮು ಬೇರೆ.

ಸರಿ, ಕಿಲೋ ಕರಗುತ್ತಿದ್ದರೂ ಗ್ರಾಂ ಯಾಕೆ ಅಲುಗುವುದಿಲ್ಲ? ಯಾಕೆಂದರೆ ಆ ಒಂದು ಗ್ರಾಂ ಏರುಪೇರಾದರೆ ಜೀವಕ್ಕೇ ಅಪಾಯ. ಇದನ್ನು ಮೊದಲು ಕಂಡುಕೊಂಡ ಕಥೆ ನನಗೆ ಬಹಳ ಇಷ್ಟ. ಸಿಡ್ನಿ ರಿಂಗರ್ ಎಂಬ ಲಂಡನ್ನಿನ ವೈದ್ಯ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪು ನೀರಿನಲ್ಲಿ ಇಟ್ಟು ನೋಡುತ್ತಿದ್ದ. ಅದು ಗಂಟೆಗಟ್ಟಲೆ ಬಡಿಯುತ್ತಿತ್ತು. 1882ರಲ್ಲಿ ಹಾಗೆಂದು ಬರೆದೂ ಬಿಟ್ಟ. ಆಮೇಲೆ ಗೊತ್ತಾಯಿತು, ಆ ದ್ರಾವಣಕ್ಕೆ ಬಳಸಿದ್ದು ಭಟ್ಟಿ ಇಳಿಸಿದ ನೀರಲ್ಲ, ನ್ಯೂ ರಿವರ್ ವಾಟರ್ ಕಂಪನಿ ಕೊಳಾಯಿಯಲ್ಲಿ ಬಿಡುತ್ತಿದ್ದ ನೀರು. ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿದರೆ ಹೃದಯ ಸ್ವಲ್ಪ ಹೊತ್ತಿಗೇ ನಿಂತು ಹೋಯಿತು. ಕೊಳಾಯಿ ನೀರಿನಲ್ಲಿದ್ದ ಚೂರು ಕ್ಯಾಲ್ಸಿಯಂ ಅಷ್ಟು ದಿನ ಅದನ್ನು ನಡೆಸಿತ್ತು. 1883ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದ. ಇವತ್ತಿಗೂ ಆಸ್ಪತ್ರೆಯಲ್ಲಿ ನರಕ್ಕೆ ಹಾಕುವ ರಿಂಗರ್ಸ್ ಲ್ಯಾಕ್ಟೇಟ್ ಬಾಟಲಿಯಲ್ಲಿ ಅವನ ಹೆಸರು ಇದೆ.

ಕಾರಣ ಇಷ್ಟೇ. ಜೀವಕೋಶದ ಒಳಗೆ ತೇಲಾಡುವ ಕ್ಯಾಲ್ಸಿಯಂ ಅಯಾನು ಹೊರಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಜೀವಕೋಶ ಸದಾ ಪಂಪ್ ಮಾಡಿ ಅದನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಬಾಗಿಲು ಒಂದು ಕ್ಷಣ ತೆರೆದರೆ ಸಾಕು, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಆ ನುಗ್ಗುವಿಕೆಯೇ ಸಂಕೇತ. ಹೃದಯ ಕುಗ್ಗುವುದು, ನರದ ತುದಿಯಿಂದ ರಾಸಾಯನಿಕ ಹೊರಬೀಳುವುದು, ಇನ್ಸುಲಿನ್ ಬಿಡುಗಡೆಯಾಗುವುದು, ಎಲ್ಲಕ್ಕೂ ಇದೇ ಚಾಲನೆ. ಹೊರಗಿನ ಮಟ್ಟ ಸ್ಥಿರವಾಗಿ ಇಲ್ಲದಿದ್ದರೆ ಈ ವ್ಯವಸ್ಥೆಯೆಲ್ಲ ತಲೆಕೆಳಗು.

ಕಾವಲಿಗೆ ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದೆ ನಾಲ್ಕು ಪುಟ್ಟ ಗ್ರಂಥಿಗಳಿವೆ, ಪ್ಯಾರಾಥೈರಾಯ್ಡ್. (ಇವು ಮೊದಲು ಕಣ್ಣಿಗೆ ಬಿದ್ದದ್ದು ಮನುಷ್ಯನಲ್ಲಿ ಅಲ್ಲ, ಲಂಡನ್ ಮೃಗಾಲಯದಲ್ಲಿ ಸತ್ತ ಒಂದು ಭಾರತೀಯ ಘೇಂಡಾಮೃಗದಲ್ಲಿ. ಅದನ್ನು ಕೊಯ್ದು ನೋಡಿದವನು ರಿಚರ್ಡ್ ಓವೆನ್. ಮನುಷ್ಯನಲ್ಲಿ 1880ರಲ್ಲಿ ಇವಾರ್ ಸ್ಯಾಂಡ್‌ಸ್ಟ್ರೋಮ್ ಎಂಬ ಸ್ವೀಡನ್ನಿನ ವೈದ್ಯ ವಿದ್ಯಾರ್ಥಿ ವಿವರಿಸಿದ.) ರಕ್ತದ ಕ್ಯಾಲ್ಸಿಯಂ ಚೂರು ಇಳಿದರೂ ಇವು ಪಿಟಿಎಚ್ ಎಂಬ ಹಾರ್ಮೋನ್ ಬಿಡುತ್ತವೆ. ಅದು ಮೂರು ಕಡೆ ವಸೂಲಿಗೆ ಇಳಿಯುತ್ತದೆ. ಮೂತ್ರಪಿಂಡಕ್ಕೆ "ಹೊರಗೆ ಬಿಡಬೇಡ" ಎನ್ನುತ್ತದೆ. ಅಲ್ಲೇ ವಿಟಮಿನ್ ಡಿಯನ್ನು ಚುರುಕಾದ ರೂಪಕ್ಕೆ ಬದಲಿಸಿ ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಮೂರನೆಯದು ಮೂಳೆ. ಅಲ್ಲಿಂದ ಎತ್ತಿಕೊಳ್ಳುವುದಕ್ಕೆ ಕೇಳುವವರೇ ಇಲ್ಲ.

ಆದ್ದರಿಂದ ಕೊಳಾಯಿಯಲ್ಲಿ ನೀರು ಬರುತ್ತಿದೆ ಅಂದ ಮಾತ್ರಕ್ಕೆ ಕೆರೆ ತುಂಬಿದೆ ಅಂತಲ್ಲ. ನಿಮ್ಮ ಮಗನಿಗೆ ಇಷ್ಟು ಹೇಳಿ.

ಇನ್ನೊಂದು ಮಾತು, ಇದು ಮುಖ್ಯ. ನಿಮ್ಮ ಮೂಳೆ ಸವೆದದ್ದು ಬರೀ ಕ್ಯಾಲ್ಸಿಯಂ ಕಡಿಮೆ ತಿಂದದ್ದರಿಂದ ಅಂತ ಅಂದುಕೊಳ್ಳಬೇಡಿ. ಮೂಳೆ ಕಲ್ಲಲ್ಲ. ಒಂದು ಬಗೆಯ ಜೀವಕೋಶ ಅದನ್ನು ಕರಗಿಸುತ್ತಲೇ ಇರುತ್ತದೆ, ಇನ್ನೊಂದು ಬಗೆಯದು ಕಟ್ಟುತ್ತಲೇ ಇರುತ್ತದೆ. ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹೊಸದಾಗುತ್ತದೆ. ಕರಗಿಸುವವರಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕಡಿವಾಣ. ಮುಟ್ಟು ನಿಂತಾಗ ಆ ಕಡಿವಾಣ ಸಡಿಲವಾಗುತ್ತದೆ, ಮೊದಲ ಕೆಲವು ವರ್ಷ ಸವೆತ ಜೋರು. ಟಿ-ಸ್ಕೋರ್ ನಿಮ್ಮನ್ನು ಹೋಲಿಸುವುದು ನಿಮ್ಮ ವಯಸ್ಸಿನವರ ಜೊತೆಗಲ್ಲ, ಗಟ್ಟಿಮುಟ್ಟಾದ ಯುವತಿಯರ ಸರಾಸರಿಯ ಜೊತೆ. ಮೈನಸ್ 2.5ಕ್ಕೆ ಆಸ್ಟಿಯೊಪೊರೋಸಿಸ್‌ನ ಗೆರೆ ಎಳೆದದ್ದು ವಿಶ್ವ ಆರೋಗ್ಯ ಸಂಸ್ಥೆ, 1994ರಲ್ಲಿ. ನೀವು ಆ ಗೆರೆ ಸ್ವಲ್ಪ ದಾಟಿದ್ದೀರಿ.

ಮಾತ್ರೆ ಒಂದೇ ಇದನ್ನು ವಾಪಸ್ ತರುವುದಿಲ್ಲ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಪ್ರಯೋಗದಲ್ಲಿ ಮುಟ್ಟು ನಿಂತ 36,000ಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟರು. 2006ರಲ್ಲಿ ಫಲಿತಾಂಶ ಬಂತು. ಸೊಂಟದ ಸಾಂದ್ರತೆ ಚೂರು ಉತ್ತಮವಾಯಿತು. ಸೊಂಟ ಮುರಿಯುವುದು ಖಚಿತವಾಗಿ ಕಡಿಮೆಯಾಯಿತು ಎನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ 17 ಶೇಕಡಾ ಹೆಚ್ಚಿತು. ಹಾಗಂತ ಕ್ಯಾಲ್ಸಿಯಂ ಬೇಡ ಅಂತಲ್ಲ. ಸರಕು ಇಲ್ಲದೆ ಕಟ್ಟುವವರು ಏನು ಕಟ್ಟುತ್ತಾರೆ? ಆದರೆ ಮೈನಸ್ 2.7ಕ್ಕೆ ಕರಗಿಸುವವರನ್ನು ತಡೆಯುವ ಬೇರೆ ಔಷಧಿಗಳಿವೆ, ಅದನ್ನು ಕೇಳಿ. ಬೆನ್ನು ನೋವು ಇದೆ ಎಂದಿರಿ. ಮೂಳೆ ಸವೆತ ತಾನಾಗಿ ನೋಯಿಸುವುದಿಲ್ಲ. ನೋವು ಇದ್ದರೆ ಬೆನ್ನುಮೂಳೆಯ ಮಣಿ ಎಲ್ಲಾದರೂ ಕುಸಿದಿದೆಯಾ ಎಂದು ಎಕ್ಸ್‌ರೇಯಲ್ಲಿ ನೋಡಬೇಕಾಗಬಹುದು. ಇದನ್ನೂ ಬರೆದುಕೊಳ್ಳಿ.

ನೇರಮಾತು:

ಹಾಗಾದರೆ ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಯಾಕ್ರೀ ಮಾಡಿಸ್ತಾರೆ? ಮೂಳೆ ಬಗ್ಗೆ ಏನೂ ಹೇಳಲ್ಲ ಅಂದಮೇಲೆ ಸುಮ್ನೆ ಬಿಲ್ ಏರಿಸೋಕಾ?

ಹಳೆಯ ಲ್ಯಾಬಿನವ:

ಇಲ್ಲ. ಮೂಳೆ ಸವೆದವರಲ್ಲಿ ಅದನ್ನು ನೋಡುವುದೇ ಬೇರೆ ಕಳ್ಳನನ್ನು ಹಿಡಿಯಲು. ಮೂಳೆ ಸವೆದು, ರಕ್ತದಲ್ಲಿ ಕ್ಯಾಲ್ಸಿಯಂ 11ರ ಮೇಲೆ ಇದ್ದರೆ ಪ್ಯಾರಾಥೈರಾಯ್ಡ್ ಗ್ರಂಥಿಯೊಂದು ಹದ್ದು ಮೀರಿ ಕೆಲಸ ಮಾಡುತ್ತಿರಬಹುದು. ಅದಕ್ಕೆ ಮಾತ್ರೆ ನುಂಗಿಸಿದರೆ ಇನ್ನೂ ಕೆಡುತ್ತದೆ. ಕಡಿಮೆ ಇದ್ದರೆ ವಿಟಮಿನ್ ಡಿ ಕೊರತೆಯೋ, ಮೂತ್ರಪಿಂಡದ ತೊಂದರೆಯೋ, ಮೆಗ್ನೀಸಿಯಂ ಕೊರತೆಯೋ ಹುಡುಕಬೇಕು. 9.4 ಬಂದರೆ ಇವುಗಳಲ್ಲಿ ಹಲವು ಬಿಟ್ಟುಹೋಗುತ್ತವೆ. ಅಷ್ಟಕ್ಕೆ ಆ ಪರೀಕ್ಷೆ ಬೆಲೆಬಾಳುತ್ತದೆ.

ಆದರೆ ಆ ಅಂಕಿಯನ್ನು ಓದುವುದಕ್ಕೂ ಒಂದು ಹದ ಇದೆ. ರಕ್ತದ ಕ್ಯಾಲ್ಸಿಯಂನಲ್ಲಿ ಅರ್ಧದಷ್ಟು ಮಾತ್ರ ಬಿಡಿಯಾಗಿ ಓಡಾಡುವ ಅಯಾನು. ಕೆಲಸ ಮಾಡುವುದು ಅದೇ. ಸುಮಾರು 40 ಶೇಕಡಾ ಅಲ್ಬುಮಿನ್ ಮುಂತಾದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕಾಯಿಲೆ ಬಿದ್ದು ಅಲ್ಬುಮಿನ್ ಇಳಿದವರಲ್ಲಿ ಒಟ್ಟು ಅಂಕಿ ಕಡಿಮೆ ಕಾಣುತ್ತದೆ, ಕೆಲಸದ ಕ್ಯಾಲ್ಸಿಯಂ ಸರಿಯಾಗೇ ಇರುತ್ತದೆ. ಅಲ್ಬುಮಿನ್ 4ಕ್ಕಿಂತ ಪ್ರತಿ ಒಂದು ಗ್ರಾಂ ಕಡಿಮೆಯಾದರೆ ಕ್ಯಾಲ್ಸಿಯಂಗೆ 0.8 ಸೇರಿಸಿ ಓದುವ ಹಳೆಯ ಸೂತ್ರ ಇದೆ. ಒರಟು ಸೂತ್ರ. ಅನುಮಾನ ಇದ್ದಾಗ ಅಯಾನ್ ಕ್ಯಾಲ್ಸಿಯಂ ನೇರವಾಗಿ ಅಳೆಯುವುದೇ ಒಳ್ಳೆಯದು.

ಲ್ಯಾಬಿನ ಒಂದು ಗುಟ್ಟು ಹೇಳುತ್ತೇನೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ವಸ್ತು ಇರುತ್ತದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. ಇಡಿಟಿಎ ಅದನ್ನೇ ಕಚ್ಚಿ ಹಿಡಿದುಬಿಡುತ್ತದೆ, ಅದಕ್ಕೇ ಆ ಟ್ಯೂಬಿನ ರಕ್ತ ಹೆಪ್ಪುಗಟ್ಟುವುದಿಲ್ಲ. ಯಾರಾದರೂ ಅವಸರದಲ್ಲಿ ನೇರಳೆ ಟ್ಯೂಬಿನ ರಕ್ತವನ್ನು ಕ್ಯಾಲ್ಸಿಯಂ ಟ್ಯೂಬಿಗೆ ಸ್ವಲ್ಪ ಸುರಿದರೆ ಏನಾಗುತ್ತದೆ? ಕ್ಯಾಲ್ಸಿಯಂ ಪಾತಾಳಕ್ಕೆ ಇಳಿಯುತ್ತದೆ. ಆ ಇಡಿಟಿಎ ಪೊಟ್ಯಾಸಿಯಂ ಲವಣ, ಹಾಗಾಗಿ ಪೊಟ್ಯಾಸಿಯಂ ಆಕಾಶಕ್ಕೆ ಏರುತ್ತದೆ. ಕಾಗದ ನೋಡಿದರೆ ರೋಗಿ ಬದುಕಿರಲು ಸಾಧ್ಯವೇ ಇಲ್ಲ ಅನ್ನಿಸುತ್ತದೆ. ವಾರ್ಡಿಗೆ ಫೋನ್ ಮಾಡಿದರೆ ಅವರು ಆರಾಮಾಗಿ ಕೂತು ಪೇಪರ್ ಓದುತ್ತಿರುತ್ತಾರೆ. ಈ ಜೋಡಿ ಅಂಕಿ ಕಂಡರೆ ನಾವು ರಿಪೋರ್ಟ್ ತಡೆದು ಮತ್ತೆ ರಕ್ತ ಕೇಳುತ್ತಿದ್ದೆವು.

ಗುಬ್ಬಚ್ಚಿ:

ಆ ಒಂದು ಗ್ರಾಂ ಏರುಪೇರಾದರೆ ಹೇಗಿರುತ್ತದೆ ಅಂತ ನಾನು ಹೇಳಬಲ್ಲೆ. ನನಗೆ ಥೈರಾಯ್ಡ್ ಪೂರ್ತಿ ತೆಗೆದರು. ಹಿಂದೆ ಅಂಟಿಕೊಂಡಿರುವ ಈ ಪುಟ್ಟ ಗ್ರಂಥಿಗಳಿಗೆ ಆಗ ಸ್ವಲ್ಪ ಪೆಟ್ಟಾಗುವುದು ಉಂಟು, ಮೊದಲೇ ಹೇಳಿದ್ದರು. ಮಾರನೇ ದಿನ ತುಟಿಯ ಸುತ್ತ ಜುಮುಜುಮು ಶುರುವಾಯಿತು. ಆಮೇಲೆ ಬೆರಳ ತುದಿಗಳು. ಸಂಜೆ ಹೊತ್ತಿಗೆ ಬೆರಳುಗಳು ತಾವಾಗಿ ಒಳಕ್ಕೆ ಸೆಟೆದುಕೊಂಡವು, ಬಿಡಿಸಲು ಹೋದರೆ ನೋವು. ರಕ್ತ ಕಳಿಸಿದರೆ 7.1. ನರಕ್ಕೆ ಕ್ಯಾಲ್ಸಿಯಂ ಗ್ಲುಕೊನೇಟ್ ಹಾಕಿದರು, ಹೃದಯದ ಬಡಿತ ನೋಡುತ್ತಾ ಬಹಳ ನಿಧಾನವಾಗಿ. ಮೈಯೆಲ್ಲ ಬಿಸಿ ಹರಿದ ಹಾಗಾಯಿತು, ಕೈ ಸಡಿಲವಾಯಿತು. ನನ್ನ ಗ್ರಂಥಿಗಳು ಕೆಲವು ವಾರಕ್ಕೆ ಚೇತರಿಸಿಕೊಂಡವು.

ಆಗ ನನಗೆ ವಿಚಿತ್ರ ಅನ್ನಿಸಿದ್ದು ಒಂದೇ. ಮೈಯಲ್ಲಿ ಒಂದು ಕಿಲೋ ಇಟ್ಟುಕೊಂಡು ಕೆಲವು ಮಿಲಿಗ್ರಾಂ ಸಾಲದೆ ನರಳಿದೆ. ಉಗ್ರಾಣ ತುಂಬಿತ್ತು, ಕೇಳಿ ತರಿಸುವವರೇ ಇರಲಿಲ್ಲ. ಲೆಕ್ಕದಮ್ಮ, ನಿಮ್ಮದು ನನ್ನದಕ್ಕೆ ಸರಿ ಉಲ್ಟಾ ಅಲ್ವಾ?

ಹಳೆಯ ಲ್ಯಾಬಿನವ:

ಸರಿಯಾಗಿ ಹೇಳಿದಿರಿ. ಕ್ಯಾಲ್ಸಿಯಂ ಇಳಿದಾಗ ನರಗಳು ಕುಗ್ಗಿ ಸುಮ್ಮನಾಗಬೇಕಿತ್ತು ಅಂತ ಅನ್ನಿಸುತ್ತದೆ. ಆಗುವುದು ತದ್ವಿರುದ್ಧ. ನರದ ಪೊರೆಯ ಹೊರಗೆ ಕ್ಯಾಲ್ಸಿಯಂ ಕಡಿಮೆಯಾದರೆ ಸೋಡಿಯಂ ಬಾಗಿಲುಗಳು ಬೇಗ ತೆರೆದುಕೊಳ್ಳುತ್ತವೆ. ನರ ಕಾರಣವಿಲ್ಲದೆ ಮಿಡಿಯಲು ಶುರು ಮಾಡುತ್ತದೆ. ಅದೇ ಜುಮುಜುಮು, ಅದೇ ಸೆಟೆತ. ಗಾಬರಿಯಲ್ಲಿ ಒಂದೇ ಸಮನೆ ಜೋರಾಗಿ ಉಸಿರಾಡಿದವರಿಗೂ ಬೆರಳು ಹೀಗೇ ಸೆಟೆಯಬಹುದು. ರಕ್ತದ ಕ್ಷಾರತೆ ಹೆಚ್ಚಿ ಅಲ್ಬುಮಿನ್ ಹೆಚ್ಚು ಅಯಾನುಗಳನ್ನು ಹಿಡಿದುಕೊಳ್ಳುತ್ತದೆ. ಒಟ್ಟು ಕ್ಯಾಲ್ಸಿಯಂ ಅಳೆದರೆ ಏನೂ ಬದಲಾಗಿರುವುದಿಲ್ಲ.

ಲೆಕ್ಕದಮ್ಮ:

ಎಲ್ಲರಿಗೂ ಧನ್ಯವಾದ. ಮಗನಿಗೆ ಓದಿ ಹೇಳಿದೆ. ಅಳಿಯನಿಗೂ. ಅಳಿಯ ಈಗ ಘೇಂಡಾಮೃಗದ ಬಗ್ಗೆ ಮಾತ್ರ ಮಾತಾಡುತ್ತಿದ್ದಾನೆ.

1250, 500ರ ವಿಷಯ ಯಾರೂ ಹೇಳಲಿಲ್ಲ. ನಾನು ದಿನಕ್ಕೆ ಎರಡು ಮಾತ್ರೆ ಒಟ್ಟಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳೋಣ ಅಂತಿದ್ದೆ, ಥೈರಾಯ್ಡ್ ಮಾತ್ರೆಯ ಜೊತೆಗೇ. ಒಂದೇ ಸಲ ಮುಗಿದುಬಿಡುತ್ತದಲ್ಲ.

ಗುಳಿಗೆಗಾರ:

ಅಯ್ಯೋ, ಬೇಡಮ್ಮ! ನಾನು ಫಾರ್ಮಸಿಸ್ಟ್. ಇದು ನನ್ನ ವಿಷಯ.

1250 ಅನ್ನುವುದು ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕ. ಅದರಲ್ಲಿ ಕ್ಯಾಲ್ಸಿಯಂ 40 ಶೇಕಡಾ, ಉಳಿದದ್ದು ಕಾರ್ಬೊನೇಟ್. 1250ರಲ್ಲಿ 40 ಶೇಕಡಾ ಅಂದರೆ 500 ಮಿಲಿಗ್ರಾಂ. ನಿಮಗೆ ಲೆಕ್ಕಕ್ಕೆ ಬೇಕಾದದ್ದು ಆ ಸಣ್ಣಕ್ಷರದ 500. ಸಿಟ್ರೇಟ್ ಮಾತ್ರೆಯಾದರೆ ಕ್ಯಾಲ್ಸಿಯಂ 21 ಶೇಕಡಾ ಮಾತ್ರ, ಅದಕ್ಕೇ ಆ ಮಾತ್ರೆ ದೊಡ್ಡದು.

ಎರಡೂ ಒಟ್ಟಿಗೆ ಬೇಡ. ಒಂದು ಸಲಕ್ಕೆ 500 ಮಿಲಿಗ್ರಾಂ ದಾಟಿದರೆ ಕರುಳು ಹೀರುವ ಪಾಲು ಇಳಿಯುತ್ತಾ ಹೋಗುತ್ತದೆ. ಖಾಲಿ ಹೊಟ್ಟೆಗೂ ಬೇಡ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಊಟದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಗ್ಯಾಸ್ಟ್ರಿಕ್ ಅಂತ ಒಮೆಪ್ರಜೋಲ್ ಥರದ್ದು ದಿನಾ ನುಂಗುವವರಿಗೆ ಸಿಟ್ರೇಟ್ ಮೇಲು. ಥೈರಾಯ್ಡ್ ಮಾತ್ರೆಯ ಜೊತೆಗಂತೂ ಬೇಡವೇ ಬೇಡ. ಮೇಷ್ಟ್ರು ಹೇಳಿದರಲ್ಲ ಎರಡು ಧನ ಆವೇಶ ಅಂತ, ಅದು ಥೈರಾಕ್ಸಿನ್ನನ್ನೂ ಹಿಡಿದುಕೊಂಡು ಕರುಳಿನಲ್ಲೇ ಉಳಿಸಿಬಿಡುತ್ತದೆ. ಎರಡರ ನಡುವೆ 4 ಗಂಟೆ ಬಿಡಿ. ಕಬ್ಬಿಣದ ಮಾತ್ರೆ, ಕೆಲವು ಆಂಟಿಬಯೋಟಿಕ್‌ಗಳಿಗೂ ಅಂತರ ಬೇಕು.

ಇನ್ನು ಎಷ್ಟು ಬೇಕು ಅಂದರೆ, ಅಮೆರಿಕದ ಶಿಫಾರಸಿನಲ್ಲಿ 50 ದಾಟಿದ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ. ಅದು ಮಾತ್ರೆಯ ಲೆಕ್ಕ ಅಲ್ಲ, ಊಟವೂ ಸೇರಿ. ಊಟದಲ್ಲಿ 700 ಬಂದರೆ ಮಾತ್ರೆಯಿಂದ 500 ಸಾಕು. ಹೆಚ್ಚು ತಿಂದರೆ ಹೆಚ್ಚು ಗಟ್ಟಿ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ನಿಮ್ಮ ವಯಸ್ಸಿಗೆ ಎಲ್ಲ ಸೇರಿ 2000 ದಾಟಬಾರದು ಎನ್ನುತ್ತಾರೆ.

ನೇರಮಾತು:

ಕಲ್ಲು ಆಗುತ್ತೆ ಅಂತ ನಮ್ಮ ಮನೇಲಿ ಒಬ್ಬರು ಕ್ಯಾಲ್ಸಿಯಂ ಇರೋ ಊಟಾನೇ ಬಿಟ್ಟಿದ್ದಾರೆ. ಅದು ಸರೀನಾ?

ಗುಳಿಗೆಗಾರ:

ಸಾಮಾನ್ಯವಾಗಿ ಅಲ್ಲ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಸಾಗಿಸುತ್ತದೆ. ಇಲ್ಲದಿದ್ದರೆ ಆಕ್ಸಲೇಟ್ ಬಿಡಿಯಾಗಿ ರಕ್ತಕ್ಕೆ ಹೋಗಿ ಮೂತ್ರದಲ್ಲಿ ಇಳಿಯುತ್ತದೆ. 1993ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಊಟದಿಂದ ಹೆಚ್ಚು ಕ್ಯಾಲ್ಸಿಯಂ ಪಡೆದ ಗಂಡಸರಲ್ಲಿ ಕಲ್ಲು ಕಡಿಮೆ ಕಂಡಿತು. ಅವರಿಗೆ ಯಾವ ಕಲ್ಲು ಅಂತ ತಿಳಿದುಕೊಂಡು ಡಾಕ್ಟರ್ ಹತ್ತಿರ ಮಾತಾಡಲಿ, ತಾವಾಗಿ ಬಿಡುವುದು ಬೇಡ.

ಲೆಕ್ಕದಮ್ಮ:

ಬರೆದುಕೊಂಡೆ. ಊಟದ ಜೊತೆ, ಬಿಡಿಬಿಡಿಯಾಗಿ, ಥೈರಾಯ್ಡ್ ಮಾತ್ರೆಯಿಂದ ದೂರ. ಡಾಕ್ಟರ್ ಹತ್ತಿರ ಬೆನ್ನಿನ ಎಕ್ಸ್‌ರೇ, ಬೇರೆ ಔಷಧಿ, ವಿಟಮಿನ್ ಡಿ, ಪಿಟಿಎಚ್ ಕೇಳುತ್ತೇನೆ. ಪಿಟಿಎಚ್‌ಗೆ ಕ್ಯಾಲ್ಸಿಯಂ ಹಳೆಯ ರಿಪೋರ್ಟೇ ಸಾಕಾ?

ಹಳೆಯ ಲ್ಯಾಬಿನವ:

ಸಾಲದು. ಡಾಕ್ಟರ್ ಪಿಟಿಎಚ್ ಬೇಕು ಅಂದರೆ ಕ್ಯಾಲ್ಸಿಯಂ, ಅಲ್ಬುಮಿನ್ ಎರಡನ್ನೂ ಅದೇ ಹೊತ್ತಿನ ರಕ್ತದಲ್ಲಿ ನೋಡಲು ಹೇಳಿ. ಕ್ಯಾಲ್ಸಿಯಂ ಎಷ್ಟಿದ್ದಾಗ ಪಿಟಿಎಚ್ ಎಷ್ಟಿತ್ತು ಅನ್ನುವುದೇ ಪ್ರಶ್ನೆ. ಬಿಡಿಯಾಗಿ ನೋಡಿದರೆ ಎರಡೂ ಅರ್ಧಂಬರ್ಧ. ಇನ್ನೊಂದು, ತೋಳಿಗೆ ಪಟ್ಟಿ ಕಟ್ಟಿ ಬಹಳ ಹೊತ್ತು ನರ ಹುಡುಕುತ್ತಿದ್ದರೆ ಬಿಚ್ಚಿ ಮತ್ತೆ ಕಟ್ಟಲು ಹೇಳಿ. ಪಟ್ಟಿ ಜಾಸ್ತಿ ಹೊತ್ತು ಇದ್ದರೆ ಅಲ್ಲಿ ಪ್ರೋಟೀನ್ ಗಟ್ಟಿಯಾಗಿ ಒಟ್ಟು ಕ್ಯಾಲ್ಸಿಯಂ ಸುಳ್ಳೇ ಮೇಲೆ ಬರುತ್ತದೆ.